ಬಾಯಿಯುರಿ: ಖಾರವೊಂದೇ ಕಾರಣವಲ್ಲ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿದ ನಮ್ಮ ಜತ್ತ ತಾಲೂಕು ಬರದ ಸೀಮೆ. ಇಲ್ಲಿನ ಕನ್ನಡಿಗರ ಊಟವೆಂದರೆ ಜೋಳದ ರೊಟ್ಟಿ, ಕೆಂಪು ಮೆಣಸಿನಕಾಯಿ ಚಟ್ನಿ, ಮೊಸರು. ಆದುದರಿಂದ ಯಾರಾದರೂ ಬಾಯಿ ಉರಿಯುತ್ತದೆಂದರೆ "ಖಾರ ಕಮ್ಮಿ ಮಾಡು" ಎಂಬಲ್ಲಿಗೆ ಚಿಕಿತ್ಸೆ ಮುಗಿಯುತ್ತದೆ.

ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು, ಬಿಸಿಯನ್ನು ಗುರುತಿಸುವ ನರಗಳನ್ನೇ ಕೆರಳಿಸುತ್ತದೆ. ಸುಡದಿದ್ದರೂ ಸುಟ್ಟಂತಾಗುವುದು ಇದರಿಂದಲೇ. ಅದು ನೀರಿನಲ್ಲಿ ಸುಲಭವಾಗಿ ಕರಗದು. ಹಾಲು ಮೊಸರಿಗೆ ಬಗ್ಗುತ್ತದೆ. ರೊಟ್ಟಿ ಚಟ್ನಿಗೆ ಹಿರಿಯರು ಮೊಸರನ್ನು ಜೊತೆಮಾಡಿದ್ದು ಸುಮ್ಮನೆ ಅಲ್ಲ. ಈ ಉರಿ ಸ್ವಲ್ಪ ಹೊತ್ತಿನಲ್ಲಿ ಆರುತ್ತದೆ.

ಆರದ ಉರಿಯೇ ಯೋಚಿಸಬೇಕಾದುದು. ಕಬ್ಬಿಣ, ಬಿ-12, ಫೋಲಿಕ್ ಆಮ್ಲಗಳ ಕೊರತೆಯಾದಾಗ ನಾಲಗೆ ನುಣುಪಾಗಿ, ಕೆಂಪಾಗಿ ಉರಿಯುತ್ತದೆ. ರಕ್ತಹೀನತೆಯುಳ್ಳ ಹೆಂಗಸರಲ್ಲಿ ಇದುಂಟು. ಸಿಹಿಮೂತ್ರ ರೋಗ, ಬಾಯಿ ಒಣಗುವುದು, ಬಿಳಿ ಪದರ ಕಟ್ಟುವ ಬೂಷ್ಟಿನ ಸೋಂಕು, ಸರಿಯಾಗಿ ಕೂಡದ ಕಟ್ಟುಹಲ್ಲು, ಹುಳಿತೇಗು, ಕೆಲವು ಮಾತ್ರೆಗಳು - ಇವೂ ಕಾರಣಗಳೇ. ಮುಟ್ಟು ನಿಂತ ವಯಸ್ಸಿನ ತಾಯಂದಿರಲ್ಲಿ ಕೆಲವರಿಗೆ ಕಣ್ಣಿಗೆ ಏನೂ ಕಾಣದಿದ್ದರೂ ಬಾಯಿ ಉರಿಯುವುದುಂಟು. ಅದನ್ನು ಬರೀ ಭ್ರಮೆಯೆಂದು ತಳ್ಳಿಹಾಕಕೂಡದು.

ಎಲ್ಲಕ್ಕಿಂತ ಭಯಪಡಬೇಕಾದುದು ಅಡಿಕೆ, ಗುಟ್ಕಾಗಳ ಉರಿ. ನಿನ್ನೆಯವರೆಗೆ ಸಲೀಸಾಗಿ ತಿಂದ ಚಟ್ನಿ ಇಂದು ಸಹಿಸಲಾಗದೆ ಹೋದರೆ ಅದೇ ಮೊದಲ ಎಚ್ಚರಿಕೆ. ಮುಂದೆ ಕೆನ್ನೆಯ ಒಳಚರ್ಮ ಬೆಳ್ಳಗಾಗಿ ಗಟ್ಟಿಯಾಗುತ್ತದೆ. ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಕೆಲವರಲ್ಲಿ ಇದು ಕ್ಯಾನ್ಸರಿಗೆ ತಿರುಗುತ್ತದೆ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಪ್ರಕಟಿಸಿದೆ. ಅಡಿಕೆ ಬೆಳೆಯುವ ಕಾಸರಗೋಡಿನ ಓದುಗರಿಗೆ ಈ ಮಾತು ರುಚಿಸದು; ಆದರೂ ಹೇಳಲೇಬೇಕು.

ಮಹಾರಾಷ್ಟ್ರ ಸರಕಾರ 2012ರಲ್ಲಿ ಗುಟ್ಕಾ ನಿಷೇಧಿಸಿತು. ಕಾನೂನು ಬಂದ ಮಾತ್ರಕ್ಕೆ ಚಟ ಬಿಡುವುದಿಲ್ಲ. ಹುರಿದ ತಂಬಾಕಿನ ಪುಡಿಯಾದ 'ಮಿಶ್ರಿ'ಯಿಂದ ಹಲ್ಲುಜ್ಜುವ ತಾಯಂದಿರಿಗೂ ಅದು ಚಟವೆಂದೇ ಅನಿಸುವುದಿಲ್ಲ. ತಾಯಿಯ ಡಬ್ಬಿಯಿಂದಲೇ ಮಕ್ಕಳ ಅಭ್ಯಾಸ ಶುರುವಾಗಬಹುದು.

ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮೇಲಿನ, ಕೆಳಗಿನ ಮುಂದಲ್ಲುಗಳ ನಡುವೆ ತೂರಿಸಿ ನೋಡಿರಿ. ಹಿಡಿಸದಿದ್ದರೆ, ಅಥವಾ ಉರಿಯಾಗಲಿ, ಹುಣ್ಣಾಗಲಿ, ಬಿಳಿ-ಕೆಂಪು ಮಚ್ಚೆಯಾಗಲಿ ಎರಡು ವಾರ ದಾಟಿದರೆ ತಡಮಾಡದೆ ದಂತವೈದ್ಯರಿಗೆ ತೋರಿಸಿರಿ. ಒಮ್ಮೆ ಬಿಗಿದ ಬಾಯಿ ಮೊದಲಿನಂತಾಗುವುದು ದುರ್ಲಭ. ಅಡಿಕೆ, ತಂಬಾಕುಗಳನ್ನು ಉರಿಯ ಹಂತದಲ್ಲಿಯೇ ಬಿಟ್ಟವನೇ ಜಾಣ.