ಹತ್ತಿಯ ಗುಲಾಬಿ ಕಾಯಿಕೊರಕ: ಪತಂಗದ ವಯಸ್ಸು ಮತ್ತು ನಮ್ಮ ಎಚ್ಚರ



ಹತ್ತಿಯ ಕಾಯಿ ಒಡೆದು ನೋಡಿದಾಗ ಅರಳೆಯ ನಡುವೆ ಗುಲಾಬಿ ಬಣ್ಣದ ಹುಳು ಕಂಡಿತೆಂದರೆ, ಆಗ ಔಷಧಿ ಸಿಂಪಡಿಸಿ ಪ್ರಯೋಜನ ಅಲ್ಪ. ತತ್ತಿಯಿಂದ ಹೊರಬಿದ್ದ ಮರಿಹುಳು ಕೆಲವೇ ಗಂಟೆಗಳಲ್ಲಿ ಮೊಗ್ಗನ್ನೋ ಕಾಯನ್ನೋ ಕೊರೆದು ಒಳಸೇರುತ್ತದೆ. ಹೊರಗೆ ಬಿದ್ದ ಔಷಧಿ ಅದಕ್ಕೆ ತಟ್ಟುವುದಿಲ್ಲ. 2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿಟಿ ಹತ್ತಿ ಮೊದಮೊದಲು ಇದನ್ನು ತಡೆಯಿತು. ಆಮೇಲೆ ಹುಳು ಅದರ ವಿಷವನ್ನೂ ಅರಗಿಸಿಕೊಂಡಿತು. ಆದುದರಿಂದ ಹುಳುವಿನ ತಾಯಿಯಾದ ಪತಂಗದ ನಡೆಯನ್ನು ತಾವು ಅರಿತಿರುವುದು ಅವಶ್ಯ.

ಪತಂಗ ಬೂದುಗಂದು ಬಣ್ಣದ ಸಣ್ಣ ಜೀವಿ. ಹಗಲೆಲ್ಲ ಅಡಗಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ಕೋಶದಿಂದ ಹೊರಬಂದ ಮೊದಲ ರಾತ್ರಿ ಹೆಣ್ಣು ಬಹುಮಟ್ಟಿಗೆ ಕೂಡುವುದಿಲ್ಲ. ಎರಡನೆಯ ಅಥವಾ ಮೂರನೆಯ ರಾತ್ರಿ, ನಡುರಾತ್ರಿ ಕಳೆದ ಮೇಲೆ, ಗಿಡದ ಮೇಲೆ ಕುಳಿತು ಹಿಂತುದಿಯಿಂದ ಒಂದು ವಾಸನೆ ಬಿಡುತ್ತದೆ. ನಮ್ಮ ಮೂಗಿಗೆ ಅದು ತಿಳಿಯದು. ಗಂಡು ಮಾತ್ರ ಗಾಳಿಯಲ್ಲಿ ಜಾಡು ಹಿಡಿದು ಬರುತ್ತದೆ. ಕೂಡಿದ ಹೆಣ್ಣು ನೂರರಿಂದ ಇನ್ನೂರು ತತ್ತಿ, ಕೆಲವೊಮ್ಮೆ ಇನ್ನೂ ಹೆಚ್ಚು ಇಡಬಲ್ಲದು. ನಾಲ್ಕೈದು ದಿನಗಳಲ್ಲಿ ಅವು ಒಡೆಯುತ್ತವೆ.

ಗಂಡು ಸಿಕ್ಕದೆ ಹೆಣ್ಣಿನ ರಾತ್ರಿಗಳು ಕಳೆದುಹೋದರೆ? ಅನೇಕ ಜಾತಿಯ ಪತಂಗಗಳಲ್ಲಿ ವಯಸ್ಸಾದ ಹೆಣ್ಣು ನಡುರಾತ್ರಿಯವರೆಗೆ ಕಾಯದೆ ಬೇಗನೆ ಕರೆಯತೊಡಗುತ್ತದೆ, ಹೆಚ್ಚು ಹೊತ್ತು ಕರೆಯುತ್ತದೆ. ಆದರೂ ತಡವಾಗಿ ಕೂಡಿದ ಹೆಣ್ಣು ಇಡುವ ತತ್ತಿ ಕಡಿಮೆ, ಇಟ್ಟವುಗಳಲ್ಲಿ ಜೊಳ್ಳು ಹೆಚ್ಚು. ಹದ ಮೀರಿ ಬಿತ್ತಿದ ಹೊಲದ ಹಾಗೆ!

ಇದನ್ನೇ ನಾವು ಉಪಯೋಗಿಸಿಕೊಳ್ಳಬಹುದು. ಹೆಣ್ಣಿನ ವಾಸನೆಯನ್ನು ಹೋಲುವ ದ್ರವ್ಯ ತುಂಬಿದ ಎಳೆಗಳನ್ನು ಮೊಗ್ಗು ಬರುವ ಕಾಲಕ್ಕೆ ಹೊಲದ ತುಂಬ ಗಿಡಗಳಿಗೆ ಕಟ್ಟಿದರೆ, ಗಂಡು ದಾರಿ ತಪ್ಪಿ ಅಲೆಯುತ್ತದೆ. ಹೆಣ್ಣಿನ ಹರೆಯದ ರಾತ್ರಿಗಳು ಬರಿದಾಗುತ್ತವೆ. ಆದರೆ ಒಬ್ಬರೇ ಒಂದೆರಡು ಎಕರೆಗೆ ಕಟ್ಟಿದರೆ ಹಣ ದಂಡ. ಪಕ್ಕದ ಹೊಲದಲ್ಲಿ ಕೂಡಿದ ಹೆಣ್ಣು ಬದು ದಾಟಿ ಬಂದು ತತ್ತಿಯಿಡುತ್ತದೆ; ಅದಕ್ಕೆ ಸರ್ವೆ ನಂಬರು ಗೊತ್ತಿಲ್ಲ. ಅಕ್ಕಪಕ್ಕದವರೆಲ್ಲ ಕೂಡಿ ಮಾಡುವ ಕೆಲಸವಿದು.

ಎಳೆ ಕಟ್ಟದವರೂ ಎಕರೆಗೆ ಎರಡು ಮೋಹಕ ಬಲೆಗಳನ್ನು ಬೆಳೆಗಿಂತ ಒಂದು ಅಡಿ ಎತ್ತರದಲ್ಲಿ ನಿಲ್ಲಿಸಬೇಕು. ಅದರಲ್ಲಿ ಬೀಳುವುದು ಗಂಡು ಮಾತ್ರ. ಬಲೆಯಿಂದಲೇ ಪೀಡೆ ತೊಲಗುವುದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಉಳಿದ ಒಂದೊಂದು ಗಂಡೂ ಹಲವು ಹೆಣ್ಣುಗಳನ್ನು ಕೂಡಬಲ್ಲದು. ಬಲೆ ಇರುವುದು ಎಣಿಕೆಗೆ. ಬಲೆಯೊಂದಕ್ಕೆ ರಾತ್ರಿಗೆ 8 ಪತಂಗಗಳಂತೆ ಸತತ ಮೂರು ರಾತ್ರಿ ಬಿದ್ದರೆ, ರೈತ ಸಂಪರ್ಕ ಕೇಂದ್ರದವರು ಹೇಳುವ ಔಷಧಿಯನ್ನು ಹೇಳಿದ ಪ್ರಮಾಣದಲ್ಲಿ ಸಿಂಪಡಿಸಿರಿ. ನಾಳೆ ಸಂತೆ, ನಾಡಿದ್ದು ಮದುವೆ ಎಂದು ಮುಂದೂಡಬೇಡಿರಿ. ಅಷ್ಟರಲ್ಲಿ ಎಳೆಯ ಹೆಣ್ಣುಗಳು ತತ್ತಿಯಿಡಲು ಆರಂಭಿಸಿರುತ್ತವೆ.

ಕೊನೆಯ ಬಿಡಿಸುವಿಕೆಯಾದ ಮೇಲೆ ಹತ್ತಿಕಟ್ಟಿಗೆಯನ್ನು ಹಿತ್ತಲಲ್ಲಿ ಒಟ್ಟಿಡುವ ವಾಡಿಕೆ ನಮ್ಮಲ್ಲಿದೆ. ಅದರಲ್ಲಿ ಉಳಿದ ಒಣಗಾಯಿಗಳೊಳಗೆ ಹುಳು ನಿದ್ದೆಯಲ್ಲಿದ್ದು, ಮುಂದಿನ ಬೆಳೆಯ ಹೊತ್ತಿಗೆ ಪತಂಗವಾಗಿ ಏಳುತ್ತದೆ. ಒಲೆಗೆ ಬೇಕಾದಷ್ಟನ್ನು ಬೇಸಿಗೆಯಲ್ಲೇ ಉರಿಸಿ, ಉಳಿದುದನ್ನು ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿರಿ.