ಅಡುಂಬು ಬಳ್ಳಿಯ ಹಿಂದೆ ಒಂದು ಟೆಂಟ್

ಕುಮಟಾ ತಾಲ್ಲೂಕಿನ ಕಡಲಂಚಿನಲ್ಲಿ ನಾನು ಮೊದಲ ಸಲ ಟೆಂಟ್ ಹಾಕಲು ಹೋದದ್ದು ಜನವರಿಯ ಒಂದು ಸಂಜೆ, ನಾಲ್ಕೂವರೆಯ ಹೊತ್ತಿಗೆ. ನೀರು ದೂರ ಸರಿದಿತ್ತು. ಸಾರಿಸಿದ ಅಂಗಳದ ಹಾಗೆ ಸಮವಾಗಿದ್ದ ಮರಳಿನ ಮೇಲೆ ಚೀಲ ಇಳಿಸಿ, ಟೆಂಟಿನ ಕಡ್ಡಿಗಳನ್ನು ಜೋಡಿಸತೊಡಗಿದ್ದೆ. ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು ಕೈ ನಿಲ್ಲಿಸಿದರು. "ಅಲ್ಲಿ ಬ್ಯಾಡ ತಮಾ. ನಿನ್ನೆ ಹುಣ್ಮೆ. ಆ ಬಳ್ಳಿ ಕಾಣ್ತದಲ, ಅದರ ಹಿಂದೆ ಹಾಕು."

ನಡುರಾತ್ರಿ ಎಚ್ಚರವಾಗಿ ಹೊರಬಂದು ಬೆಳದಿಂಗಳಲ್ಲಿ ನೋಡಿದೆ. ಸಂಜೆ ನಾನು ಚೀಲ ಇಳಿಸಿದ್ದ ಜಾಗದ ಮೇಲೆ ನೊರೆ ಹರಿದಾಡುತ್ತಿತ್ತು. ಬಳ್ಳಿಯ ಬುಡದ ಮರಳು ಮಾತ್ರ ಒಣಗಿಯೇ ಇತ್ತು.

ಕಡಲಂಚಿನಲ್ಲಿ ರಾತ್ರಿ ಕಳೆಯುವ ವಿದ್ಯೆಯ ಅರ್ಧ ಭಾಗ ಆ ಒಂದು ಮಾತಿನಲ್ಲಿದೆ. ಉಳಿದರ್ಧ ನನಗೆ ತಿಳಿದದ್ದು ನಿಧಾನಕ್ಕೆ: ನಮ್ಮನ್ನು ಕಾಯುವ ಆ ಬಳ್ಳಿಯ ಗೆರೆಯೇ ದಂಡೆಯ ಜೀವಗಳನ್ನು ನಮ್ಮಿಂದ ಕಾಯುವ ಗೆರೆಯೂ ಹೌದು. ಅದು ಹೇಗೆ ಎನ್ನುವುದನ್ನು ಅಘನಾಶಿನಿಯ ಅಳಿವೆ ಮತ್ತು ಅದರ ಆಸುಪಾಸಿನ ಕರಾವಳಿಯನ್ನು ಎದುರಿಗಿಟ್ಟುಕೊಂಡು ಹೇಳುತ್ತೇನೆ.

ಜಾಗ ಮತ್ತು ಕಾಲ

ಶಿರಸಿ ಸೀಮೆಯಲ್ಲಿ ಹುಟ್ಟಿ ಘಟ್ಟ ಇಳಿಯುವ ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟೆ ಇಲ್ಲ. ಅದು ತದಡಿಯ ಬಳಿ ಕಡಲು ಸೇರುವಲ್ಲಿ ಸಿಹಿನೀರು, ಉಪ್ಪುನೀರು ದಿನಕ್ಕೆರಡು ಸಲ ಒಂದನ್ನೊಂದು ತಳ್ಳುತ್ತವೆ. ಕಾಂಡ್ಲಾ ಎಂಬ ಮ್ಯಾಂಗ್ರೋವ್ ಕಾಡು, ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆ, ಇಳಿತದಲ್ಲಿ ಬಳಚು ಎಂಬ ಚಿಪ್ಪುಜೀವಿ ಆರಿಸುವ ಹೆಂಗಸರು, ಕೆಸರಿನಲ್ಲಿ ಹುಳ ಹೆಕ್ಕುವ ಹಕ್ಕಿಗಳು ಎಲ್ಲವೂ ಈ ಬೆರಕೆ ನೀರಿನ ಮೇಲೆ ನಿಂತಿವೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅಳಿವೆಯಿಂದ ದಕ್ಷಿಣಕ್ಕೆ ಕಾಗಾಲ, ಬಾಡ, ಧಾರೇಶ್ವರ, ಮುಂದೆ ಹೊನ್ನಾವರದ ಕಾಸರಕೋಡಿನವರೆಗೆ ಮರಳ ದಂಡೆ, ಬಂಡೆಗಳ ಮೂಲೆ, ಮತ್ತೆ ಮರಳ ದಂಡೆ ಹೀಗೆ ಸಾಗುತ್ತದೆ.

ಟೆಂಟ್ ವಾಸಕ್ಕೆ ಒಳ್ಳೆಯ ಕಾಲ ನವೆಂಬರ್ ನಡುವಿನಿಂದ ಫೆಬ್ರುವರಿಯ ಕೊನೆಯವರೆಗೆ. ಅಕ್ಟೋಬರಿನಲ್ಲಿ ಹಿಂಗಾರು ಗುಡುಗುತ್ತದೆ, ಮಾರ್ಚ್ ಕಳೆದರೆ ಸೆಕೆ ಮಲಗಗೊಡುವುದಿಲ್ಲ, ಜೂನ್ ಬಂದರೆ ಕಡಲ ಹತ್ತಿರ ಸುಳಿಯುವ ಮಾತೇ ಇಲ್ಲ. ಆದರೆ ನಮಗೆ ಹಿತವಾದ ಈ ತಿಂಗಳುಗಳೇ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ದಂಡೆ ಹತ್ತುವ ತಿಂಗಳುಗಳು. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಮುಂದಿನ ಎಷ್ಟೋ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ.

ಮೊದಲು ಅನುಮತಿ

ಖಾಲಿ ಕಾಣುವ ದಂಡೆ ಯಾರದ್ದೂ ಅಲ್ಲದ ಜಾಗವಲ್ಲ. ಅಭಯಾರಣ್ಯ ಎಂದು ಘೋಷಿತವಾದ ಕಡೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಇಲ್ಲದೆ ಒಳಗೆ ಹೋಗುವುದೇ ತಪ್ಪು. ತಂಗುವುದಂತೂ ದೂರದ ಮಾತು. ಉಳಿದ ಕಡೆಯೂ ಹೊರಡುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಮತ್ತು ಗ್ರಾಮ ಪಂಚಾಯ್ತಿಯಲ್ಲಿ ಕೇಳಿಕೊಳ್ಳಬೇಕು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೆಯದು ದಂಡೆಯ ಹಿಂದಿನ ತೋಟ ಅಥವಾ ಮನೆಯ ಹಿತ್ತಿಲು. ಯಜಮಾನರನ್ನು ಕೇಳಿ, ಜಾಗಕ್ಕೆ ತಕ್ಕ ಹಣ ಕೊಟ್ಟು ಅಲ್ಲಿ ಟೆಂಟ್ ಹಾಕಿದರೆ ಬಾವಿಯ ನೀರು, ಶೌಚಾಲಯ, ಕಷ್ಟಕ್ಕೆ ಕೂಗಿದರೆ ಓಗೊಡುವ ಜನ ಮೂರೂ ಸಿಗುತ್ತವೆ. ಕಡಲ ಸದ್ದು ಅಲ್ಲಿಗೂ ಕೇಳುತ್ತದೆ.

ಭರತದ ಲೆಕ್ಕ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದಿನ ಭರತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಂದು ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಸೂರ್ಯ, ಚಂದ್ರ ಎರಡರ ಸೆಳೆತವೂ ಕೂಡಿ ಏರಿಳಿತ ದೊಡ್ಡದಾಗುತ್ತದೆ. ಅದರ ಬಿರುಸು ಮುಂದಿನ ಒಂದೆರಡು ದಿನವೂ ಇರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಎರಡು ಸೆಳೆತಗಳು ಅಡ್ಡಕ್ಕೆ ಬಿದ್ದು ಭರತ ಸಣ್ಣದಾಗುತ್ತದೆ. ಮೊದಲ ಸಲ ಹೋಗುವವರು ಗೋಡೆಯ ಕ್ಯಾಲೆಂಡರಿನಲ್ಲಿ ಅಷ್ಟಮಿ ಹುಡುಕಿಕೊಂಡು ಹೊರಡುವುದು ಒಳ್ಳೆಯದು.

ಇನ್ನೊಂದು ಮಾತು. ದಿನದ ಎರಡು ಭರತಗಳು ಸಮನಾಗಿರುವುದಿಲ್ಲ. ಹಗಲು ನೀರು ಬಂದು ನಿಂತ ಗೆರೆ ನೋಡಿ ರಾತ್ರಿಯೂ ಅಷ್ಟೇ ಬರುತ್ತದೆ ಎಂದು ನಂಬಬಾರದು. ದಂಡೆಯ ಮೇಲೆ ನಡೆದು ನೋಡಿದರೆ ಕಸದ ಗೆರೆಗಳು ಒಂದರ ಮೇಲೊಂದು ಕಾಣುತ್ತವೆ: ಕೆಳಗಿನದು ಹಸಿ ಪಾಚಿ, ಒದ್ದೆ ಕಡ್ಡಿಗಳದ್ದು, ಮೇಲಿನದು ಒಣಗಿದ ತೆಂಗಿನ ಚಿಪ್ಪು, ಚಪ್ಪಲಿ, ಬಲೆಯ ತುಂಡುಗಳದ್ದು. ನಮಗೆ ಬೇಕಾದದ್ದು ಎಲ್ಲಕ್ಕಿಂತ ಮೇಲಿನ, ಒಣ ಗೆರೆ. ಅದರಿಂದಲೂ ಸಾಕಷ್ಟು ಹಿಂದೆ ಇರಬೇಕು. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆ, ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ದಂಡೆಗೆ ನುಗ್ಗುವುದುಂಟು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇಂಥ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ದಿನ ಅದನ್ನು ನೋಡಿಕೊಳ್ಳಿ.

ಅಳಿವೆಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಇಳಿತದಲ್ಲಿ ನಡುಹೊಳೆಯಲ್ಲಿ ಏಳುವ ಮರಳ ದಿಬ್ಬ ಚೆಂದ ಕಾಣುತ್ತದೆ, ಮೊಣಕಾಲುದ್ದ ನೀರಿನಲ್ಲಿ ದಾಟಿಯೂ ಹೋಗಬಹುದು. ಭರತ ತಿರುಗಿದರೆ ಹಿಂದಿನ ದಾರಿ ಮೊದಲು ಮುಳುಗುತ್ತದೆ, ದಿಬ್ಬ ಆಮೇಲೆ. ದಿಬ್ಬ, ಗಜನಿ, ಕಾಂಡ್ಲಾ ಬುಡ ಮೂರೂ ಮಲಗುವ ಜಾಗಗಳಲ್ಲ.

ಬಳ್ಳಿ ಬರೆದ ಗಡಿ

ಅಡುಂಬು ಬಳ್ಳಿಯ ಎಲೆ ಆಡಿನ ಗೊರಸಿನ ಹಾಗೆ ಸೀಳಿರುತ್ತದೆ, ಹೂ ನೇರಳೆ. ಅದರ ಜೊತೆಗೆ ಬಿರುಸು ಮುಳ್ಳುಗಳ ಉಂಡೆ ಬಿಡುವ ರಾವಣನ ಮೀಸೆ ಹುಲ್ಲು. ಉಪ್ಪಿನ ಸಿಡಿತವನ್ನು ತಾಳಿಕೊಳ್ಳುವ ಈ ಸಸ್ಯಗಳೂ ಅಲೆ ಪದೇ ಪದೇ ಬಡಿಯುವ ಕಡೆ ಬೇರೂರಲಾರವು. ಹಾಗಾಗಿ ಅವು ದಟ್ಟವಾಗಿ ಹಬ್ಬಿದ ಜಾಗವೆಂದರೆ, ವರ್ಷದ ಬಹುಪಾಲು ಅಲೆ ಮುಟ್ಟದ ಜಾಗ. ಯಾವ ಯಂತ್ರವೂ ಇಲ್ಲದೆ, ನಾಲ್ಕಾರು ವರ್ಷಗಳ ಭರತವನ್ನು ದಂಡೆಯ ಮೇಲೆ ಬರೆದಿಟ್ಟ ಲೆಕ್ಕ ಅದು.

ಬಳ್ಳಿಗೆ ಇನ್ನೊಂದು ಕೆಲಸವೂ ಇದೆ. ಹಾರುವ ಮರಳನ್ನು ಹಿಡಿದು ದಿಬ್ಬ ಕಟ್ಟುವುದು ಅದೇ. ಅದರ ಮೇಲೆ ಟೆಂಟ್ ಹಾಸಿದರೆ ಎಲೆ ಬೆಂದು ಬುಡ ಸಾಯುತ್ತದೆ, ಬಯಲಾದ ಮರಳನ್ನು ಮಳೆಗಾಲದ ಕಡಲು ಹೊತ್ತೊಯ್ಯುತ್ತದೆ. ಆದ್ದರಿಂದ ಟೆಂಟ್ ಬಳ್ಳಿಯ ಮೇಲೂ ಬೇಡ, ಮುಂದೆಯೂ ಬೇಡ. ಜನ ಓಡಾಡಿ ಸವೆದ ಕಾಲುದಾರಿಯಲ್ಲೇ ಬಳ್ಳಿಯನ್ನು ದಾಟಿ, ಹಿಂದಿನ ಗಾಳಿ ಮರಗಳ ತೋಪಿನ ಬಯಲಿಗೆ ಹೋಗಿ. ಅಲ್ಲಿಯೂ ಒಮ್ಮೆ ತಲೆ ಎತ್ತಿ ನೋಡಿ. ಒಣಗಿದ ಕೊಂಬೆಯ ಕೆಳಗೆ, ತೆಂಗಿನ ಮರದ ಕೆಳಗೆ ಎಂದೂ ಮಲಗಬಾರದು.

ಗಾಳಿಯ ಎರಡು ಪಾಳಿ

ಹಗಲು ನೆಲ ಬೇಗ ಕಾಯುತ್ತದೆ, ಅಲ್ಲಿನ ಗಾಳಿ ಹಗುರಾಗಿ ಮೇಲೇಳುತ್ತದೆ, ಆ ಜಾಗ ತುಂಬಲು ಕಡಲಿನಿಂದ ಗಾಳಿ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಉಳಿಯುತ್ತದೆ, ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ತಿರುಗುತ್ತದೆ. ಚಳಿಗಾಲದಲ್ಲಿ ಈ ಅದಲುಬದಲು ಬಹಳ ಸ್ಪಷ್ಟ. ಸಂಜೆ ಪಡುಗಾಳಿ ನೋಡಿ ಟೆಂಟಿಗೆ ಒಂದೇ ಕಡೆ ಹಗ್ಗ ಬಿಗಿದರೆ, ಬೆಳಗಿನ ಜಾವದ ಮೂಡಗಾಳಿಗೆ ಅದು ಬೆನ್ನಿನಿಂದ ಜಗ್ಗುತ್ತದೆ. ಎರಡೂ ಕಡೆ ಹಗ್ಗ ಇರಲಿ. ಟೆಂಟಿನ ಸಪೂರ ತುದಿ ಪೂರ್ವ-ಪಶ್ಚಿಮಕ್ಕೆ ಇರಲಿ. ಗಾಳಿಗೆ ಅಗಲ ಬದಿ ಒಡ್ಡಿದ ಟೆಂಟ್ ರಾತ್ರಿಯಿಡೀ ಪಟಪಟನೆ ಬಡಿದುಕೊಳ್ಳುತ್ತದೆ.

ಮರಳಿನಲ್ಲಿ ಹಿಡಿತ

ಟೆಂಟಿನ ಜೊತೆ ಬರುವ ಸಪೂರ ಗೂಟಗಳು ಗಟ್ಟಿ ಮಣ್ಣಿಗೆ ಮಾಡಿದವು. ಮಣ್ಣಿನ ಕಣಗಳು ಒಂದನ್ನೊಂದು ಅಂಟಿಕೊಂಡು ಗೂಟವನ್ನು ಹಿಡಿಯುತ್ತವೆ. ಒಣ ಮರಳಿಗೆ ಆ ಅಂಟು ಇಲ್ಲ, ಜಗ್ಗಿದ ಕೂಡಲೇ ಗೂಟ ಕೈಗೆ ಬರುತ್ತದೆ. ಮರಳಿಗಿರುವುದು ಭಾರ. ಆ ಭಾರವನ್ನೇ ಬಳಸಿಕೊಳ್ಳಬೇಕು.

ಆರು ಗಟ್ಟಿ ಬಟ್ಟೆ ಚೀಲಗಳು ಸಾಕು. ಚೀಲಕ್ಕೆ ಮರಳು ತುಂಬಿ, ಬಾಯಿ ಕಟ್ಟಿ, ಟೆಂಟಿನ ಹಗ್ಗವನ್ನು ಚೀಲದ ನಡುವಿಗೆ ಬಿಗಿಯಿರಿ. ಒಂದು ಅಡಿ ಆಳದ ಗುಂಡಿಯಲ್ಲಿ ಚೀಲವನ್ನು ಅಡ್ಡ ಮಲಗಿಸಿ. ಹಗ್ಗ ಹೊರಬರುವ ಕಡೆ ಬೆರಳಲ್ಲಿ ಒಂದು ಸಣ್ಣ ಕಾಲುವೆ ತೋಡಿ, ಹಗ್ಗ ನೇರವಾಗಿ ಟೆಂಟಿಗೆ ಹೋಗುವಂತೆ ಮಾಡಿ. ಮೇಲೆ ಮರಳು ಎಳೆದು, ಕಾಲಿನಿಂದ ತುಳಿದು, ಒಂದು ಚೊಂಬು ನೀರು ಹೊಯ್ಯಿರಿ. ಒದ್ದೆಯಾದಾಗ ಕಣಗಳ ನಡುವಿನ ನೀರು ಅವನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಈಗ ಹಗ್ಗ ಜಗ್ಗಿ ನೋಡಿ: ಚೀಲವನ್ನು ಎತ್ತಬೇಕಾದರೆ ಅದರ ಮೇಲಿನ ಮರಳನ್ನೆಲ್ಲ ಎತ್ತಬೇಕು. ಹಗ್ಗ ಎಷ್ಟು ಓರೆಯಾಗಿ, ನೆಲಕ್ಕೆ ಹತ್ತಿರವಾಗಿ ಹೋಗುತ್ತದೋ ಹಿಡಿತ ಅಷ್ಟು ಗಟ್ಟಿ.

ಈ ಗುಂಡಿಯನ್ನೂ ಬಳ್ಳಿಯ ಹಿಂದೆಯೇ ತೋಡಬೇಕು. ಕಡಲಾಮೆ ಮೊಟ್ಟೆಯಿಡುವುದು ಒಂದೂವರೆ ಅಡಿ ಆಳದ ಗೂಡಿನಲ್ಲಿ. ಬಳ್ಳಿಯ ಮುಂದಿನ ಒಣ ಮರಳೇ ಅದರ ಹೆರಿಗೆ ಮನೆ. ಅಲ್ಲಿ ನಾವು ಹೊಡೆದ ಒಂದು ಉದ್ದ ಗೂಟ ಎಷ್ಟು ಮೊಟ್ಟೆಗಳನ್ನು ಚುಚ್ಚಿತು ಎಂದು ನಮಗೆ ತಿಳಿಯುವುದೂ ಇಲ್ಲ.

ಒಳಗಿನ ಇಬ್ಬನಿ

ಬೆಳಿಗ್ಗೆ ಟೆಂಟಿನ ಒಳಮೈ ಒದ್ದೆಯಾಗಿದ್ದರೆ ಬಟ್ಟೆ ಸೋರಿತು ಎಂದುಕೊಳ್ಳಬೇಡಿ. ನಮ್ಮ ಉಸಿರಿನ ಆವಿ ತಣ್ಣಗಾದ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಕಡಲಂಚಿನ ಗಾಳಿಯಲ್ಲಿ ಮೊದಲೇ ತೇವ ಹೆಚ್ಚು. ಚಳಿಯೆಂದು ಎಲ್ಲ ಜಿಪ್ ಮುಚ್ಚಿದಷ್ಟೂ ಹನಿ ಹೆಚ್ಚು. ಸೊಳ್ಳೆಪರದೆಯನ್ನು ಮಾತ್ರ ಎಳೆದು, ಪೂರ್ವ ಮತ್ತು ಪಶ್ಚಿಮದ ಕಿಂಡಿಗಳನ್ನು ತೆರೆದಿಡಿ. ರಾತ್ರಿಯ ಮೂಡಗಾಳಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಆವಿಯನ್ನು ಒಯ್ಯುತ್ತದೆ. ಹೊರಬಟ್ಟೆ ಒಳಬಟ್ಟೆಗೆ ತಾಗದಂತೆ ಬಿಗಿಯಾಗಿರಲಿ.

ನೀರು, ಒಲೆ, ಶೌಚ

ಕುಡಿಯಲು, ಬೇಯಿಸಲು ತಲೆಗೆ ದಿನಕ್ಕೆ ಐದು ಲೀಟರ್ ಸಿಹಿನೀರು ಇಟ್ಟುಕೊಳ್ಳಿ. ಸಣ್ಣ ಗ್ಯಾಸ್ ಒಲೆ ಸಾಕು. ಅದನ್ನು ಟೆಂಟಿನ ಒಳಗೆ ಹಚ್ಚಿದರೆ ವಿಷಾನಿಲ ಕಟ್ಟಿ ಪ್ರಾಣಕ್ಕೆ ಅಪಾಯ. ಗಾಳಿ ಮರದ ಒಣ ಎಲೆಗಳ ಮೇಲೆ ಕಟ್ಟಿಗೆ ಬೆಂಕಿ ಹಾಕಲೇಬಾರದು. ಬೇಯಿಸುವ ಗೋಜೇ ಬೇಡವೆಂದರೆ ಅವಲಕ್ಕಿ, ಬೆಲ್ಲ, ಕಾಯಿತುರಿ ಇರುವಾಗ ಚಿಂತೆಯಿಲ್ಲ.

ಶೌಚಕ್ಕೆ ಮನೆಯ ಅಥವಾ ಊರಿನ ಶೌಚಾಲಯವೇ ಸರಿ. ಮರಳು ಹೊಲಸನ್ನು ಮಣ್ಣಿನ ಹಾಗೆ ಬೇಗ ಅರಗಿಸುವುದಿಲ್ಲ, ಸೋಸಿ ಕೆಳಕ್ಕೆ ಬಿಡುತ್ತದೆ. ದಂಡೆಯ ಹಿಂದಿನ ಬಾವಿಗಳಲ್ಲಿ ಸಿಹಿನೀರು ನಿಂತಿರುವುದು ಅದೇ ಮರಳಿನಲ್ಲಿ. ಊಟದ ಚೂರನ್ನೂ ಬಿಟ್ಟು ಬರಬೇಡಿ. ಎಂಜಲಿಗೆ ಬಂದ ನಾಯಿ ಮರುದಿನವೂ ಬರುತ್ತದೆ, ಎಂಜಲು ಸಿಗದಿದ್ದರೆ ಆಮೆಯ ಗೂಡು ಕೆದರುತ್ತದೆ.

ಕತ್ತಲು ಕಾಯುವುದು

ಆಲಿವ್ ರಿಡ್ಲೆ ರಾತ್ರಿ ದಂಡೆ ಹತ್ತಿ ಸುಮಾರು ನೂರು ಮೊಟ್ಟೆ ಇಟ್ಟು, ಮರಳು ಮುಚ್ಚಿ, ಕಡಲಿಗೆ ಮರಳುತ್ತದೆ. ಆರೇಳು ವಾರದ ಮೇಲೆ ಮರಿಗಳು ಕತ್ತಲಲ್ಲೇ ಹೊರಬರುತ್ತವೆ. ಅವಕ್ಕೆ ದಾರಿ ತೋರುವವರಿಲ್ಲ. ನೆಲದ ಕಡೆ ಮರಗಳ ಕಪ್ಪು, ಕಡಲ ಕಡೆ ಬಾನಂಚಿನ ಮಂದ ಬೆಳಕು. ಬೆಳಕಿರುವ ಕಡೆ ತೆವಳುತ್ತವೆ. ನಡುವೆ ನಮ್ಮ ಟೆಂಟಿನಲ್ಲಿ ಬಿಳಿ ದೀಪ ಉರಿಯುತ್ತಿದ್ದರೆ ಅವು ಕಡಲಿಗೆ ಬೆನ್ನು ಹಾಕಿ ನಮ್ಮತ್ತ ಬರುತ್ತವೆ. ಆಮೇಲೆ ಏಡಿ, ನಾಯಿ, ಬೆಳಗಿನ ಬಿಸಿಲು.

ಅದಕ್ಕಾಗಿ ಟೆಂಟಿನಲ್ಲಿ ಮಂದ ಕೆಂಪು ಬೆಳಕು ಮಾತ್ರ ಇರಲಿ. ಕಡಲಾಮೆಗಳ ಕಣ್ಣಿಗೆ ಅದು ಕಡಿಮೆ ನಾಟುತ್ತದೆ. ದಂಡೆಗೆ ಇಳಿದಾಗ ಅದನ್ನೂ ಆರಿಸಿ. ಹತ್ತು ನಿಮಿಷ ತಾಳಿದರೆ ಕಣ್ಣು ಕತ್ತಲಿಗೆ ಹೊಂದುತ್ತದೆ. ಮರಳಿನ ಮೇಲೆ ಟ್ರ್ಯಾಕ್ಟರ್ ಗಾಲಿಯಂಥ ಗುರುತು ಕಂಡರೆ ಅದನ್ನು ಅಳಿಸದೆ, ಗೂಡು ಕೆದಕದೆ, ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸಿ. ಆಮೆಯೇ ಎದುರಾದರೆ ನಿಂತಲ್ಲೇ ಕುಳಿತುಬಿಡಿ. ಫೋಟೊ, ಫ್ಲ್ಯಾಷ್ ಬೇಡ. ಕತ್ತಲಲ್ಲಿ ಈಜಲು ಇಳಿಯಲೂ ಬೇಡ. ಒಳಸೆಳೆತ ಹಗಲಲ್ಲೇ ಕಣ್ಣಿಗೆ ಕಾಣದು.

ಹೊರಡುವಾಗ

ಮೂಡಗಾಳಿ ನಿಂತು ಪಡುಗಾಳಿ ಏಳುವ ಮೊದಲು ಟೆಂಟ್ ಬಿಚ್ಚಿ. ಚೀಲದ ಮರಳನ್ನು ತೋಡಿದ ಗುಂಡಿಗೇ ಸುರಿದು ಸಮ ಮಾಡಿ. ಮನೆಗೆ ಬಂದ ದಿನವೇ ಜಿಪ್ಪು, ಕಡ್ಡಿಗಳ ಕೀಲುಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಉಪ್ಪು ಕೂತರೆ ಮುಂದಿನ ಸಲ ಜಿಪ್ಪು ಕದಲುವುದಿಲ್ಲ.

ಆ ಮೊದಲ ಬೆಳಿಗ್ಗೆ ನಾನು ದಂಡೆಗೆ ಇಳಿದಾಗ ಮರಳ ಮೇಲೆ ಹಿಂದಿನ ದಿನದ ನನ್ನ ಹೆಜ್ಜೆಗಳಿರಲಿಲ್ಲ, ಭರತ ಒರೆಸಿತ್ತು. ಏಡಿಗಳು ಹೊಸ ಬಿಲ ತೋಡಿ ಮರಳಿನ ಗುಂಡುಗಳನ್ನು ಸುತ್ತ ಹರಡಿದ್ದವು. ಬಲೆಯ ಹಿರಿಯರು ಆಗಲೇ ದೋಣಿಯ ಬಳಿ ಇದ್ದರು. "ನಿದ್ದೆ ಬಂತೇನ ತಮಾ?" ಎಂದು ಕೇಳಿದರು. ಚೆನ್ನಾಗಿ ಬಂದಿತ್ತು. ಬಳ್ಳಿಯ ಈಚೆ ನಾನು, ಆಚೆ ದಂಡೆಯ ಜೀವಗಳೆಲ್ಲ.