ಹಗಲು ಬಾಯಿ ಮುಚ್ಚುವ ಗಿಡ

ಎಚೆವೇರಿಯವನ್ನು ನರ್ಸರಿಯಲ್ಲಿ ಮೊದಲ ಸಲ ಕಂಡವರು ಹೂವೆಂದೇ ತಿಳಿಯುವುದುಂಟು. ತಾವರೆಯಂತೆ ಸುತ್ತುಸುತ್ತಾಗಿ ಅರಳಿದ ದಪ್ಪ ಎಲೆಗಳು. ಬೂದು, ಗುಲಾಬಿ, ನೇರಳೆ ಬಣ್ಣಗಳು. ತವರು ಮುಖ್ಯವಾಗಿ ಮೆಕ್ಸಿಕೊದ ಬೆಟ್ಟಸೀಮೆ. ಆ ನಾಡಿನ ಸಸ್ಯಗಳ ಚಿತ್ರ ಬರೆದ ಅಟನಾಸಿಯೊ ಎಚೆವೆರಿಯಾ ಎಂಬ ಕಲಾವಿದರ ಹೆಸರನ್ನು 1828ರಲ್ಲಿ ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್ ಇದಕ್ಕೆ ಇಟ್ಟರು.

ತವರಿನ ಬಂಡೆಸಂದಿನಲ್ಲಿ ಮಣ್ಣು ಕಡಿಮೆ, ಬಿದ್ದ ಮಳೆ ನಿಲ್ಲುವುದಿಲ್ಲ. ಅಲ್ಲಿ ಹಗಲು ಪತ್ರರಂಧ್ರ ತೆರೆದರೆ ಇದ್ದಬದ್ದ ನೀರೂ ಆವಿಯಾದೀತು. ಅದಕ್ಕೇ ಈ ಗಿಡ ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು, ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಬೆಳಗಾದ ಮೇಲೆ ರಂಧ್ರ ಮುಚ್ಚಿ, ಆಮ್ಲದಿಂದ ಅದೇ ಅನಿಲವನ್ನು ಬಿಡಿಸಿಕೊಂಡು ಸಕ್ಕರೆ ತಯಾರಿಸುತ್ತದೆ. ಈ ಗುಟ್ಟಿನ ಒಂದು ಸುಳಿವು ಸಿಕ್ಕಿದ್ದು ಭಾರತದಲ್ಲೇ. ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೈನ್, ಇದೇ ಕುಟುಂಬದ ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಎಂದು ಬರೆದದ್ದು 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಉಪಕರಣವಿಲ್ಲದೆ, ಬರೀ ನಾಲಿಗೆಯಿಂದ ಹಿಡಿದ ಸತ್ಯ!

ಬಣ್ಣಕ್ಕೂ ಕಾರಣವಿದೆ. ಬಿಸಿಲು ಜೋರಾಗಿ, ರಾತ್ರಿ ತಣ್ಣಗಾದಾಗ ಎಲೆಯಲ್ಲಿ ಆಂಥೋಸಯನಿನ್ ಎಂಬ ವರ್ಣದ್ರವ್ಯ ಹೆಚ್ಚುತ್ತದೆ. ಅತಿಯಾದ ಬೆಳಕಿನಿಂದ ಎಲೆಗೆ ಅದೇ ರಕ್ಷಣೆ. ಹಾಗಾಗಿ ನಮ್ಮಲ್ಲಿ ಡಿಸೆಂಬರ್, ಜನವರಿಯಲ್ಲಿ ಗಿಡ ಚೆನ್ನಾಗಿ ರಂಗೇರುತ್ತದೆ. ಕೋಣೆಯ ಮೂಲೆಯಲ್ಲಿಟ್ಟರೆ ಹಸಿರಿಗೆ ತಿರುಗಿ, ಕಾಂಡ ಉದ್ದವಾಗಿ, ಎಲೆಗಳು ದೂರದೂರವಾಗುತ್ತವೆ. ಬಣ್ಣ ಬರಲೆಂದು ಗೊಬ್ಬರ ಸುರಿಯುವುದಂತೂ ಪೂರ್ತಿ ತಪ್ಪು ದಾರಿ. ನೆರಳಿನಲ್ಲಿದ್ದುದನ್ನು ಒಮ್ಮೆಲೇ ಸುಡುಬಿಸಿಲಿಗೂ ಇಡಬೇಡಿ, ಎಲೆ ಕಲೆಗಟ್ಟುತ್ತದೆ. ಎಲೆ ಮೇಲಿನ ಬಿಳಿ ಪುಡಿ ಧೂಳಲ್ಲ, ಮೇಣ. ಒರೆಸಿದರೆ ಆ ಎಲೆಗೆ ಮತ್ತೆ ಮೊದಲಿನಂತೆ ಬರುವುದಿಲ್ಲ.

ನಮ್ಮ ಕಡೆ ಇದನ್ನು ಕೊಲ್ಲುವುದು ಹೆಚ್ಚಾಗಿ ನೀರು. ಕೆಂಪುಮಣ್ಣಿಗೆ ದಪ್ಪ ಮರಳು, ಸಣ್ಣ ಜಲ್ಲಿ ಧಾರಾಳವಾಗಿ ಬೆರೆಸಿ. ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ಬುಡಕ್ಕೆ ನೀರು ಹಾಕಿ. ಮುಂಗಾರಿನಲ್ಲಿ ಕುಂಡವನ್ನು ಸೂರಿನಡಿ, ಬೆಳಕು ಬೀಳುವ ಕಡೆ ಇಡಿ. ಕರಾವಳಿಯ ಸೆಕೆಯಲ್ಲಂತೂ ಇನ್ನೂ ಎಚ್ಚರ ಬೇಕು. ಬುಡ ಕೊಳೆತರೂ ಗಟ್ಟಿ ಎಲೆಗಳು ಉಳಿದಿದ್ದರೆ, ತೊಟ್ಟಿನ ಸಮೇತ ಬಿಡಿಸಿ ಒಣಮಣ್ಣಿನ ಮೇಲೆ ಹಾಗೇ ಮಲಗಿಸಿಡಿ. ಕೆಲವು ವಾರಗಳಲ್ಲಿ ಗುಲಾಬಿ ಬಣ್ಣದ ಬೇರು, ಆಮೇಲೆ ಪುಟ್ಟ ಗಿಡ ಹುಟ್ಟುತ್ತದೆ. ಬೇರು ಕಾಣುವತನಕ ನೀರು ಬೇಡ.